ವ್ಯಾಯಾಮದ ಬಳಿಕ ಊಟ: ಯಾವಾಗ, ಎಷ್ಟು, ಏನು?

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆದರೆ ಊಟವನ್ನು ಬಲ್ಲವನು ಬಲ್ಲುದಾದರೂ ಏನನ್ನು? ಏನನ್ನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬ ಎರಡು ಪ್ರಶ್ನೆಗಳ ಜೊತೆಗೆ ಯಾವಾಗ ತಿನ್ನಬೇಕು ಎಂಬ ಮೂರನೆಯ ಪ್ರಶ್ನೆಯೂ ಆ ಮಾತಿನಲ್ಲಿ ಅಡಗಿದೆ. ಮಹಾನಗರದಲ್ಲಿ ನೆಲೆಸಿದವರಿಗೆ ಈ ಮೂರನೆಯ ಪ್ರಶ್ನೆಯೇ ಬಲು ತೊಡಕಿನದು.

ಬೊರಿವಲಿಯಿಂದ ಚರ್ಚ್‌ಗೇಟಿಗೆ ಸುಮಾರು 34 ಕಿಲೋಮೀಟರು. ಲೋಕಲ್ ಗಾಡಿಯಲ್ಲಿ ಹೋಗಲು ಹೆಚ್ಚುಕಡಿಮೆ ಒಂದು ಗಂಟೆ, ಬರಲು ಮತ್ತೊಂದು ಗಂಟೆ. ಮನೆಯಿಂದ ಸ್ಟೇಷನ್ನಿಗೂ ಸ್ಟೇಷನ್ನಿನಿಂದ ಕಚೇರಿಗೂ ತಗಲುವ ಹೊತ್ತು ಬೇರೆ. ಹೀಗಿರುವಾಗ ದೇಹಕ್ಕೆ ವ್ಯಾಯಾಮ ಕೊಡಬಯಸುವವನಿಗೆ ಉಳಿಯುವುದು ಎರಡೇ ವೇಳೆ: ಕೋಳಿ ಕೂಗುವ ಮುನ್ನ, ಇಲ್ಲವೇ ರಾತ್ರಿ ಎಂಟರ ಬಳಿಕ. ಮುಂಜಾನೆ ಭಾರ ಎತ್ತಿದವನು ಗಾಡಿ ತಪ್ಪೀತೆಂದು ತಿಂಡಿಯನ್ನು ಡಬ್ಬಿಗೆ ತುಂಬಿಕೊಂಡು ಓಡುತ್ತಾನೆ. ಅದನ್ನು ತೆರೆಯುವುದು ಎರಡು ಗಂಟೆ ಕಳೆದ ಮೇಲೆ. ರಾತ್ರಿ ವ್ಯಾಯಾಮ ಮಾಡಿದವನು ಹತ್ತು ಗಂಟೆಯ ಮೇಲೆ ಎಲೆಯ ಮುಂದೆ ಕೂರುತ್ತಾನೆ.

ಇವರಿಬ್ಬರಿಗೂ ಒಂದೊಂದು ಭಯ. 'ವ್ಯಾಯಾಮ ಮುಗಿದು ಅರ್ಧ ಗಂಟೆಯೊಳಗೆ ಆಹಾರ ಬೀಳದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ' ಎಂದು ಮೊದಲನೆಯವನು ಕೇಳಿದ್ದಾನೆ. 'ಅಷ್ಟು ಹೊತ್ತಿಗೆ ಉಂಡದ್ದೆಲ್ಲ ಕೊಬ್ಬಾಗುತ್ತದೆ' ಎಂದು ಎರಡನೆಯವನು ಕೇಳಿದ್ದಾನೆ. ಇದರ ಫಲವಾಗಿ ಒಬ್ಬನು ಬೆಲೆಬಾಳುವ ಪುಡಿಯ ಡಬ್ಬಿಯನ್ನು ಕೊಳ್ಳುತ್ತಾನೆ. ಮತ್ತೊಬ್ಬನು ರಾತ್ರಿಯ ಊಟವನ್ನೇ ಬಿಡುತ್ತಾನೆ. ಇನ್ನೊಬ್ಬನು 'ಈ ಊರಿನ ಗಡಿಯಾರಕ್ಕೂ ವ್ಯಾಯಾಮಕ್ಕೂ ಕೂಡಿಬರುವುದಿಲ್ಲ' ಎಂದು ವ್ಯಾಯಾಮವನ್ನೇ ಕೈಬಿಡುತ್ತಾನೆ. ಈ ಮೂವರಲ್ಲಿ ಹೆಚ್ಚು ನಷ್ಟಪಡುವವನು ಮೂರನೆಯವನು. ಆದುದರಿಂದ ಈ ಎರಡು ಭಯಗಳಿಗೆ ಎಷ್ಟರಮಟ್ಟಿಗೆ ಆಧಾರವಿದೆಯೆಂಬುದನ್ನು ಪರಿಶೀಲಿಸುವುದು ಅವಶ್ಯ.

ತಕ್ಕಡಿ ಹೇಳದ ಸಂಗತಿ

ದೇಹದ ತೂಕವೆಂಬುದು ಮೂಳೆ, ಸ್ನಾಯು, ನೀರು, ಕೊಬ್ಬು ಇವೆಲ್ಲದರ ಒಟ್ಟು ಮೊತ್ತ. ಇವು ಯಾವ ಪ್ರಮಾಣದಲ್ಲಿ ಸೇರಿಕೊಂಡಿವೆ ಎಂಬುದಕ್ಕೆ ದೇಹಸಂಯೋಜನೆ ಎನ್ನಬಹುದು. ಅರವತ್ತು ಕಿಲೋ ತೂಗುವ ಇಬ್ಬರಲ್ಲಿ ಒಬ್ಬನು ಗಟ್ಟಿಮುಟ್ಟಾಗಿರಬಹುದು, ಇನ್ನೊಬ್ಬನು ಸಣಕಲು ಕೈಕಾಲು, ಬೊಜ್ಜಿನ ಹೊಟ್ಟೆಯವನಾಗಿರಬಹುದು. ತಕ್ಕಡಿ ಇಬ್ಬರಿಗೂ ಒಂದೇ ಅಂಕಿಯನ್ನು ತೋರಿಸುವುದು.

ಇದಕ್ಕೊಂದು ಪ್ರಸಿದ್ಧ ನಿದರ್ಶನ ಪುಣೆಯಿಂದಲೇ ಬಂದಿದೆ. ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಇಬ್ಬರೂ ತಮ್ಮ ದೇಹಗಳನ್ನೇ ಅಳೆಸಿಕೊಂಡು 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ಅಂಕಿ ಇಬ್ಬರಲ್ಲಿಯೂ 22.3, ಎಂದರೆ ಇಬ್ಬರೂ ಒಂದೇ ಮೈಕಟ್ಟಿನವರೆಂದು ಲೆಕ್ಕ. ಆದರೆ ದೇಹದ ಕೊಬ್ಬಿನ ಅಂಶ ಯುಡ್ಕಿನ್ನರಲ್ಲಿ ಶೇಕಡಾ 9.1 ಇದ್ದರೆ ಯಾಜ್ಞಿಕರಲ್ಲಿ ಶೇಕಡಾ 21.2 ಇತ್ತು. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೆಚ್ಚಾಗಿಯೂ ಸ್ನಾಯು ಕಡಮೆಯಾಗಿಯೂ ಇರುವ ಈ ಮೈಕಟ್ಟು ಭಾರತೀಯರಲ್ಲಿ ಸಾಮಾನ್ಯ. ಮಧುಮೇಹವು ಇಲ್ಲಿನವರನ್ನು ಕಡಮೆ ತೂಕದಲ್ಲಿಯೇ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಊಟದ ಬಳಿಕ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ತನ್ನೊಳಗೆ ಸೇರಿಸಿಕೊಳ್ಳುವ ಉಗ್ರಾಣವೇ ಸ್ನಾಯು. ಉಗ್ರಾಣ ಚಿಕ್ಕದಾದಷ್ಟೂ ಸಕ್ಕರೆ ಹೊರಗೆ ಉಳಿಯುವುದು.

ಆದ್ದರಿಂದ ಭಾರ ಎತ್ತುವ ವ್ಯಾಯಾಮ ಪೈಲ್ವಾನರಿಗೆ ಮಾತ್ರ ಮೀಸಲಾದುದೆಂಬ ಭಾವನೆ ಸಲ್ಲದು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳಿಂದ ಓದುಗರಿಗೆ ಪರಿಚಿತರಾದ ಕೆ.ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಅಂಗಸಾಧನೆಯನ್ನು ಓದುಬರಹ ಬಲ್ಲ ಗೃಹಸ್ಥರ ಮನೆಯವರೆಗೂ ತಂದವರು. ಇತ್ತೀಚಿನವರಲ್ಲಿ ಕುಂದಾಪುರ ತಾಲ್ಲೂಕಿನ ಗುರುರಾಜ ಪೂಜಾರಿಯವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 56 ಕಿಲೋ ವಿಭಾಗದಲ್ಲಿ ಬೆಳ್ಳಿಯನ್ನೂ 2022ರ ಬರ್ಮಿಂಗ್‌ಹ್ಯಾಮ್ ಕ್ರೀಡೆಗಳಲ್ಲಿ 61 ಕಿಲೋ ವಿಭಾಗದಲ್ಲಿ ಕಂಚನ್ನೂ ಗೆದ್ದರು. ತೂಕಕ್ಕೆ ಮಿತಿಯಿರುವ ಇಂಥ ಸ್ಪರ್ಧೆಯಲ್ಲಿ ದೇಹದ ಪ್ರತಿಯೊಂದು ಕಿಲೋ ಸಹ ಕೆಲಸಕ್ಕೆ ಬರುವ ಕಿಲೋ ಆಗಿರಬೇಕು. ಗೃಹಸ್ಥನಿಗೆ ಪದಕ ಬೇಡ; ಆದರೆ ನಲ್ವತ್ತು ದಾಟಿದ ಮೇಲೆ ಕ್ರಮೇಣ ಕ್ಷಯಿಸುವ ಸ್ನಾಯುವನ್ನು ಕಾಪಾಡಿಕೊಳ್ಳುವುದು, ರೈಲ್ವೆ ಸೇತುವೆಯ ಮೆಟ್ಟಿಲನ್ನು ಎಪ್ಪತ್ತರಲ್ಲಿಯೂ ತಾನೇ ಏರುವುದು ಬೇಕು.

ಸ್ನಾಯುವಿನೊಳಗಿನ ಜಮಾ-ಖರ್ಚು

ಸ್ನಾಯುವು ಸಸಾರಜನಕದಿಂದ, ಎಂದರೆ ಪ್ರೋಟೀನಿನಿಂದ, ಕಟ್ಟಲ್ಪಟ್ಟಿದೆ. ಅದು ಒಮ್ಮೆ ಕಟ್ಟಿ ನಿಲ್ಲಿಸಿದ ಗೋಡೆಯಂತಲ್ಲ. ಹಗಲಿರುಳೂ ಅದರ ಒಂದು ಪಾಲು ಕಳಚುತ್ತಿರುತ್ತದೆ, ಇನ್ನೊಂದು ಪಾಲು ಹೊಸದಾಗಿ ಸೇರುತ್ತಿರುತ್ತದೆ. ಕಟ್ಟುವುದು ಜಮಾ, ಕಳಚುವುದು ಖರ್ಚು. ಜಮಾ ಹೆಚ್ಚಾದರೆ ಸ್ನಾಯು ಬೆಳೆಯುವುದು, ಖರ್ಚು ಹೆಚ್ಚಾದರೆ ಸೊರಗುವುದು.

ಭಾರ ಎತ್ತಿದಾಗ ಈ ಎರಡೂ ಕ್ರಿಯೆಗಳು ಚುರುಕಾಗುತ್ತವೆ. 1997ರಲ್ಲಿ ಸ್ಟೂವರ್ಟ್ ಫಿಲಿಪ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಟ್ಟುವ ಕ್ರಿಯೆಯ ವೇಗವು ವ್ಯಾಯಾಮವಾದ 3 ಗಂಟೆಗೆ ವಿಶ್ರಾಂತ ಸ್ಥಿತಿಗಿಂತ ಶೇಕಡಾ 112ರಷ್ಟೂ, 24 ಗಂಟೆಗೆ ಶೇಕಡಾ 65ರಷ್ಟೂ, 48 ಗಂಟೆಗೆ ಶೇಕಡಾ 34ರಷ್ಟೂ ಹೆಚ್ಚಾಗಿತ್ತು. ಎಂದರೆ ಸೋಮವಾರ ಬೆಳಿಗ್ಗೆ ಎತ್ತಿದ ಭಾರದ ಪರಿಣಾಮ ಬುಧವಾರ ಬೆಳಿಗ್ಗೆಯೂ ಪೂರ್ತಿ ಇಳಿದಿರಲಿಲ್ಲ.

ಇದೇ ಅಧ್ಯಯನದ ಎರಡನೆಯ ಫಲಿತಾಂಶವೂ ಅಷ್ಟೇ ಮುಖ್ಯವಾದುದು. ಪರೀಕ್ಷೆಗೆ ಒಳಗಾದವರು ಉಪವಾಸವಿದ್ದುದರಿಂದ, ಕಟ್ಟುವ ವೇಗ ಹೆಚ್ಚಿದರೂ ಒಟ್ಟು ಲೆಕ್ಕ ನಷ್ಟದಲ್ಲಿಯೇ ಉಳಿಯಿತು. ನಷ್ಟ ಕಡಮೆಯಾಯಿತು ಅಷ್ಟೆ. ವ್ಯಾಯಾಮವು ಮೇಸ್ತ್ರಿಗಳನ್ನು ಕೆಲಸಕ್ಕೆ ಕರೆಯುತ್ತದೆ; ಇಟ್ಟಿಗೆಯನ್ನು ತರಬೇಕಾದುದು ಆಹಾರ. ಮೇಸ್ತ್ರಿಗಳು ಒಂದು ದಿನಕ್ಕೂ ಮಿಗಿಲಾಗಿ ಕೆಲಸದಲ್ಲಿರುವಾಗ, ಇಟ್ಟಿಗೆ ಮೊದಲ ಅರ್ಧ ಗಂಟೆಯಲ್ಲಿಯೇ ಬರಬೇಕೆಂಬ ನಿರ್ಬಂಧ ಎಲ್ಲಿಂದ ಬಂತು?

ಅವಸರದ ನಂಬಿಕೆ ಹುಟ್ಟಿದ ಬಗೆ

ಸಾಮು ಮುಗಿಸಿ ಬೆವರು ಆರಿದ ಮೇಲೆ ಹಾಲು, ಬಾದಾಮಿಯ ಥಂಡಾಯಿ ಕುಡಿಯುವ ರೂಢಿ ಬೆಳಗಾವಿ, ಕೊಲ್ಲಾಪುರಗಳ ಕಡೆಯ ಗರಡಿಗಳಲ್ಲಿ ಹಿಂದಿನಿಂದ ಬಂದದ್ದು. ಅದರಲ್ಲಿ ನಿಮಿಷಗಳ ಎಣಿಕೆಯಿರಲಿಲ್ಲ. ನಿಮಿಷಗಳ ಎಣಿಕೆ ಈಚಿನದು.

2001ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಸುಮಾರು ಎಪ್ಪತ್ತನಾಲ್ಕು ವಯಸ್ಸಿನ 13 ಪುರುಷರಿಂದ 12 ವಾರ ಭಾರದ ವ್ಯಾಯಾಮ ಮಾಡಿಸಿದರು. 10 ಗ್ರಾಂ ಸಸಾರಜನಕವಿದ್ದ ಪಾನೀಯವನ್ನು ಕೆಲವರು ವ್ಯಾಯಾಮವಾದ ಕೂಡಲೇ, ಉಳಿದವರು ಎರಡು ಗಂಟೆಯ ಬಳಿಕ ಕುಡಿದರು. ಕೂಡಲೇ ಕುಡಿದವರ ತೊಡೆಯ ಸ್ನಾಯು ಬೆಳೆಯಿತು. ತಡವಾಗಿ ಕುಡಿದವರದು ಅಷ್ಟಾಗಿ ಬೆಳೆಯಲಿಲ್ಲ. 2004ರಲ್ಲಿ ಅಮೆರಿಕದ ಜಾನ್ ಐವಿ ಮತ್ತು ರಾಬರ್ಟ್ ಪೋರ್ಟ್‌ಮನ್ ಅವರು ಆಹಾರದ ವೇಳೆಯನ್ನು ಕುರಿತೇ ಒಂದು ಪುಸ್ತಕ ಬರೆದು, ವ್ಯಾಯಾಮದ ನಂತರದ ಮುಕ್ಕಾಲು ಗಂಟೆಯನ್ನು ಸ್ನಾಯುವಿನ ಬಾಗಿಲು ತೆರೆದಿರುವ ಅಮೂಲ್ಯ ಕಾಲವೆಂದು ಸಾರಿದರು. ಪುಡಿ ಮಾರುವವರಿಗೆ ಇದು ವರವಾಯಿತು. ಬಾಗಿಲು ಮುಚ್ಚುವುದೆಂದು ಹೆದರಿದವನು ಮನೆಯ ಅಡುಗೆಯನ್ನು ಕಾಯುವುದಿಲ್ಲ.

ಹದಿಮೂರು ಜನರ ಒಂದು ಅಧ್ಯಯನದಿಂದ ಎಲ್ಲರಿಗೂ ನಿಯಮ ಮಾಡುವುದು ತರವಲ್ಲ. ಮುಂದೆ ದೊಡ್ಡ ಪರಿಶೀಲನೆಗಳು ನಡೆದವು.

ಒರೆಗಲ್ಲಿಗೆ ಹಚ್ಚಿದಾಗ

2013ರಲ್ಲಿ ಬ್ರಾಡ್ ಶೋನ್‌ಫೆಲ್ಡ್, ಅಲನ್ ಅರಗಾನ್, ಜೇಮ್ಸ್ ಕ್ರೀಗರ್ ಎಂಬ ಮೂವರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದರು. ಸ್ನಾಯುವಿನ ಗಾತ್ರವನ್ನು ಅಳೆದ 23 ಅಧ್ಯಯನಗಳಲ್ಲಿ 525 ಜನರಿದ್ದರು. ಮೇಲ್ನೋಟಕ್ಕೆ, ವ್ಯಾಯಾಮದ ಆಸುಪಾಸಿನಲ್ಲಿ ಸಸಾರಜನಕ ಸೇವಿಸಿದವರಿಗೆ ಸ್ವಲ್ಪ ಲಾಭ ಕಂಡಿತು. ಆದರೆ ಅಂಥವರು ಇಡೀ ದಿನದಲ್ಲಿ ಸೇವಿಸಿದ ಸಸಾರಜನಕವೂ ಇತರರಿಗಿಂತ ಹೆಚ್ಚಾಗಿತ್ತು. ಆ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೆ ವೇಳೆಯಿಂದಾದುದೆಂದು ಭಾವಿಸಿದ್ದ ಲಾಭ ಮಾಯವಾಯಿತು. ಫಲ ಕೊಟ್ಟದ್ದು ಒಟ್ಟು ಪ್ರಮಾಣ, ಗಡಿಯಾರವಲ್ಲ.

2017ರಲ್ಲಿ ಶೋನ್‌ಫೆಲ್ಡ್ ಮತ್ತು ಸಂಗಡಿಗರು ಭಾರ ಎತ್ತಿ ರೂಢಿಯಿದ್ದ 21 ಪುರುಷರನ್ನು ಆರಿಸಿ, ಕೆಲವರಿಗೆ ವ್ಯಾಯಾಮದ ಮುನ್ನ, ಉಳಿದವರಿಗೆ ವ್ಯಾಯಾಮದ ನಂತರ 25 ಗ್ರಾಂ ಸಸಾರಜನಕ ಕೊಟ್ಟರು. ಹತ್ತು ವಾರಗಳ ಬಳಿಕ ಬಲದಲ್ಲಾಗಲಿ ಸ್ನಾಯುವಿನ ಗಾತ್ರದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದರ ಕಾರಣ ಸುಲಭವಾಗಿ ತಿಳಿಯುವಂಥದು. ಅನ್ನ, ಬೇಳೆ, ಮೊಸರಿನ ಸಾಧಾರಣ ಊಟವೊಂದು ಜೀರ್ಣವಾಗುತ್ತ ನಾಲ್ಕೈದು ಗಂಟೆಗಳ ಕಾಲ ಅಮೈನೋ ಆಮ್ಲಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಸಂಜೆ ಆರಕ್ಕೆ ತಿಂದವನು ಎಂಟಕ್ಕೆ ಭಾರ ಎತ್ತಿದರೆ, ವ್ಯಾಯಾಮ ಮುಗಿಯುವ ಹೊತ್ತಿಗೆ ಇಟ್ಟಿಗೆಯ ಗಾಡಿ ಇನ್ನೂ ಅಂಗಳದಲ್ಲಿಯೇ ಇರುತ್ತದೆ.

ಹಾಗಾದರೆ ಒಟ್ಟು ಪ್ರಮಾಣ ಎಷ್ಟಿರಬೇಕು? 2018ರಲ್ಲಿ ರಾಬರ್ಟ್ ಮಾರ್ಟನ್ ಮತ್ತು ಸಂಗಡಿಗರು 49 ಅಧ್ಯಯನಗಳ 1,863 ಜನರ ಫಲಿತಾಂಶಗಳನ್ನು ಕೂಡಿಸಿ ನೋಡಿದಾಗ, ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ ಸುಮಾರು 1.6 ಗ್ರಾಂ ಮೀರಿದರೆ ಹೆಚ್ಚಿನ ಲಾಭ ಕಂಡುಬರಲಿಲ್ಲ. ಅಷ್ಟೇ ಅಲ್ಲ, ವ್ಯಾಯಾಮ ಮಾಡುವವರು ಸಸಾರಜನಕವನ್ನು ಹೆಚ್ಚುವರಿಯಾಗಿ ಸೇವಿಸಿದ್ದರಿಂದ ದೊರೆತ ಕೊಬ್ಬಿಲ್ಲದ ದೇಹಭಾರ ಸರಾಸರಿ 300 ಗ್ರಾಂ ಮಾತ್ರ. ಮುಖ್ಯ ಕೆಲಸವನ್ನು ಮಾಡುವುದು ವ್ಯಾಯಾಮವೇ ಎಂಬುದು ಇದರಿಂದ ಸ್ಪಷ್ಟ.

ತಡವಾದ ಊಟ ಕೊಬ್ಬಾಗುವುದೇ?

ಈಗ ಎರಡನೆಯ ಭಯವನ್ನು ನೋಡೋಣ. ಕೊಬ್ಬು ಶೇಖರವಾಗುವುದು, ದಿನದಿಂದ ದಿನಕ್ಕೆ ಖರ್ಚಿಗಿಂತ ಆಹಾರದ ಶಕ್ತಿ ಹೆಚ್ಚಾಗಿ ಬಂದಾಗ. ಹತ್ತು ಗಂಟೆಗೆ ಉಂಡ ಅನ್ನ ಎಂಟು ಗಂಟೆಗೆ ಉಂಡ ಅನ್ನಕ್ಕಿಂತ ಹೆಚ್ಚು ಕ್ಯಾಲೊರಿಯನ್ನು ಕೊಡುವುದಿಲ್ಲ. ಅಲ್ಲದೆ ಆಗತಾನೆ ದುಡಿದ ಸ್ನಾಯುಗಳು ಇನ್ಸುಲಿನ್ನಿನ ನೆರವು ಹೆಚ್ಚಿಲ್ಲದೆಯೇ ರಕ್ತದ ಸಕ್ಕರೆಯನ್ನು ಎಳೆದುಕೊಂಡು, ಬರಿದಾದ ಗ್ಲೈಕೋಜನ್ ದಾಸ್ತಾನನ್ನು ತುಂಬಿಕೊಳ್ಳುತ್ತವೆ. ಆ ದೃಷ್ಟಿಯಿಂದ, ದಿನವಿಡೀ ಕುರ್ಚಿಯಲ್ಲಿ ಕುಳಿತು ರಾತ್ರಿ ತಡವಾಗಿ ಉಣ್ಣುವವನಿಗಿಂತ ವ್ಯಾಯಾಮ ಮಾಡಿ ಉಣ್ಣುವವನ ಸ್ಥಿತಿ ಮೇಲು.

ರಾತ್ರಿಯ ಆಹಾರ ಸ್ನಾಯುವಿಗೆ ಉಪಯೋಗವಾಗುವುದೇ ಎಂಬ ಪ್ರಶ್ನೆಗೂ ಉತ್ತರವಿದೆ. 2012ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು 16 ಮಂದಿ ಯುವಕರಿಂದ ರಾತ್ರಿ ಎಂಟು ಗಂಟೆಗೆ ಭಾರದ ವ್ಯಾಯಾಮ ಮಾಡಿಸಿ, ಹನ್ನೊಂದೂವರೆಗೆ ಮಲಗುವ ಮುನ್ನ ಕೆಲವರಿಗೆ ಹಾಲಿನ ಕೇಸೀನ್ ಎಂಬ ಸಸಾರಜನಕವನ್ನು 40 ಗ್ರಾಂ ಕೊಟ್ಟರು. ಅದು ನಿದ್ದೆಯಲ್ಲಿಯೂ ಜೀರ್ಣವಾಗಿ, ಸ್ನಾಯು ಕಟ್ಟುವ ವೇಗ ಸುಮಾರು ಶೇಕಡಾ 22ರಷ್ಟು ಹೆಚ್ಚಿತು. ಬೊರಿವಲಿಯ ರಾತ್ರಿಯ ವ್ಯಾಯಾಮಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ರಾತ್ರಿಯೂಟ ಬಿಟ್ಟು ಮಲಗಿದರೆ ಮೇಸ್ತ್ರಿಗಳು ಇರುಳಿಡೀ ಇಟ್ಟಿಗೆಯಿಲ್ಲದೆ ಕುಳಿತಂತೆಯೇ ಸರಿ.

ಆದರೆ ಇದರ ಅರ್ಥ ರಾತ್ರಿ ಕಂಠಮಟ್ಟ ಉಣ್ಣಬೇಕೆಂದಲ್ಲ. ಇರುಳಿನಲ್ಲಿ ದೇಹವು ಸಕ್ಕರೆಯನ್ನು ಹಗಲಿನಷ್ಟು ಸಮರ್ಥವಾಗಿ ನಿರ್ವಹಿಸದು. ಉಂಡ ಕೂಡಲೇ ಮಲಗಿದರೆ ಎದೆಯುರಿಯೂ ಕಾಡುವುದು. ವ್ಯಾಯಾಮದ ಹೆಸರಿನಲ್ಲಿ ಹೆಚ್ಚು ತಿನ್ನುವ ಅಭ್ಯಾಸವೇ ಬೊಜ್ಜಿಗೆ ಮೂಲ. ಅರವತ್ತು ಕಿಲೋ ತೂಕದವನು ಅರ್ಧ ಗಂಟೆ ಭಾರ ಎತ್ತಿದರೆ ಖರ್ಚಾಗುವುದು ಹೆಚ್ಚುಕಡಿಮೆ 100ರಿಂದ 180 ಕ್ಯಾಲೊರಿ. ಸ್ಟೇಷನ್ನಿನ ಹೊರಗೆ ತಿಂದ ಒಂದೇ ಒಂದು ವಡಾಪಾವ್ ಸುಮಾರು 300 ಕ್ಯಾಲೊರಿಯನ್ನು ಮರಳಿ ಕೊಟ್ಟುಬಿಡುವುದು.

ಊಟದ ವೇಳೆಯನ್ನು ಬಿಗಿಗೊಳಿಸಿ ಕೊಬ್ಬು ಇಳಿಸಬಹುದೇ ಎಂಬುದನ್ನೂ ಪರೀಕ್ಷಿಸಿದ್ದಾರೆ. 2016ರಲ್ಲಿ ಇಟಲಿಯಲ್ಲಿ, ಭಾರ ಎತ್ತುವ ರೂಢಿಯಿದ್ದ 34 ಪುರುಷರಲ್ಲಿ ಅರ್ಧದಷ್ಟು ಮಂದಿ ಮಧ್ಯಾಹ್ನ ಒಂದು, ಸಂಜೆ ನಾಲ್ಕು, ರಾತ್ರಿ ಎಂಟು ಗಂಟೆಗಳಿಗೆ ಮಾತ್ರ ಉಂಡರು. ಎಂಟು ವಾರಗಳಲ್ಲಿ ಅವರ ಕೊಬ್ಬು ಇಳಿಯಿತು, ಸ್ನಾಯು ಉಳಿಯಿತು. ಗಮನಿಸತಕ್ಕ ಸಂಗತಿಯೆಂದರೆ, ಅವರು ಸಸಾರಜನಕವನ್ನು ಸಾಕಷ್ಟು ಸೇವಿಸುತ್ತಿದ್ದರು, ವ್ಯಾಯಾಮವನ್ನು ಬಿಟ್ಟಿರಲಿಲ್ಲ. ಈ ಎರಡೂ ಇಲ್ಲದೆ ಬರಿಯ ಉಪವಾಸದಿಂದ ತೂಕ ಇಳಿಸಿದರೆ ಕೊಬ್ಬಿನೊಂದಿಗೆ ಸ್ನಾಯುವೂ ಹೋಗುವುದು.

ವೇಳೆಗೆ ಬೆಲೆಯಿರುವ ಸಂದರ್ಭಗಳು

ವೇಳೆಗೆ ಬೆಲೆಯೇ ಇಲ್ಲವೆಂದು ಇದರಿಂದ ತೀರ್ಮಾನಿಸಬಾರದು. ಈ ಕೆಳಗಿನವರು ಗಡಿಯಾರವನ್ನು ನೋಡಬೇಕು.

1. ಬರಿಹೊಟ್ಟೆಯಲ್ಲಿ ವ್ಯಾಯಾಮ ಮಾಡುವವರು. ರಾತ್ರಿ ಒಂಬತ್ತಕ್ಕೆ ಉಂಡು ಬೆಳಿಗ್ಗೆ ಆರಕ್ಕೆ ಭಾರ ಎತ್ತುವವನ ರಕ್ತದಲ್ಲಿ ಹಿಂದಿನ ಊಟದ ಅಂಶ ಉಳಿದಿರುವುದಿಲ್ಲ. ಇಂಥವನು ಮುನ್ನ ಒಂದು ಲೋಟ ಹಾಲನ್ನಾದರೂ ಕುಡಿಯಬೇಕು, ಇಲ್ಲವೇ ಮುಗಿದ ಮೇಲೆ ಒಂದೆರಡು ಗಂಟೆಯೊಳಗೆ ತಿನ್ನಬೇಕು.

2. ವೃದ್ಧರು. ವಯಸ್ಸಾದಂತೆ ಸ್ನಾಯುವು ಸ್ವಲ್ಪ ಸಸಾರಜನಕದ ಕರೆಗೆ ಓಗೊಡುವುದು ಕಡಮೆಯಾಗುತ್ತದೆ. ಇವರಿಗೆ ಹೊತ್ತಿಗೊಮ್ಮೆ ತುತ್ತು ತುತ್ತಾಗಿ ತಿನ್ನುವುದಕ್ಕಿಂತ ಪ್ರತಿ ಊಟದಲ್ಲಿಯೂ ಸಸಾರಜನಕ ಧಾರಾಳವಾಗಿರುವುದು ಮೇಲು. ಅಂಥ ಒಂದು ಊಟ ವ್ಯಾಯಾಮದ ಸಮೀಪವಿರಲಿ.

3. ಒಂದೇ ದಿನ ಎರಡು ಬಾರಿ ಕಠಿಣ ಅಭ್ಯಾಸ ಮಾಡುವ ಕ್ರೀಡಾಪಟುಗಳು. ಬರಿದಾದ ಗ್ಲೈಕೋಜನ್ ಬೇಗ ತುಂಬಬೇಕಾದರೆ ಅನ್ನ, ಬಾಳೆಹಣ್ಣು ಮುಂತಾದ ಪಿಷ್ಟಪದಾರ್ಥವನ್ನು ಕೂಡಲೇ ತಿನ್ನಬೇಕು. ಎರಡು ಗಂಟೆ ತಡಮಾಡಿದರೆ ತುಂಬುವ ವೇಗ ತಗ್ಗುವುದು. ಮರುದಿನ ಮತ್ತೆ ಅಭ್ಯಾಸ ಮಾಡುವವನಿಗೆ ಈ ಅವಸರವಿಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗೆ ಹೇಗೂ ತುಂಬಿಕೊಳ್ಳುವುದು.

4. ಮಧುಮೇಹಿಗಳು. ಇನ್ಸುಲಿನ್ ಚುಚ್ಚಿಕೊಳ್ಳುವವರು ಮತ್ತು ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆ ಸೇವಿಸುವವರು ಬರಿಹೊಟ್ಟೆಯಲ್ಲಿ ವ್ಯಾಯಾಮ ಮಾಡಿದರೆ, ಅಥವಾ ಬಳಿಕ ಊಟ ಬಿಟ್ಟರೆ, ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಬೆವರು, ನಡುಕ, ಕಣ್ಣುಕತ್ತಲೆ ಅದರ ಸೂಚನೆಗಳು. ಲೋಕಲ್ ಗಾಡಿಯ ಬಾಗಿಲಲ್ಲಿ ನಿಂತಾಗ ಹೀಗಾದರೆ ಪ್ರಾಣಕ್ಕೇ ಸಂಚಕಾರ. ಇವರು ಸಕ್ಕರೆಯ ಪೊಟ್ಟಣವನ್ನು ಕಿಸೆಯಲ್ಲಿರಿಸಿಕೊಂಡಿರಬೇಕು. ಔಷಧಿ, ಊಟ, ವ್ಯಾಯಾಮ ಮೂರರ ವೇಳೆಯನ್ನೂ ವೈದ್ಯರೊಡನೆ ಗೊತ್ತುಮಾಡಿಕೊಳ್ಳಬೇಕು.

ತಟ್ಟೆಯ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2020ರಲ್ಲಿ ಸಾಮಾನ್ಯ ವಯಸ್ಕರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಸಸಾರಜನಕವನ್ನು ಗೊತ್ತುಪಡಿಸಿದ್ದಾರೆ. ಅರವತ್ತು ಕಿಲೋ ತೂಕದವನಿಗೆ ಇದು ಸುಮಾರು 50 ಗ್ರಾಂ. ನಿಯಮಿತವಾಗಿ ಭಾರ ಎತ್ತುವವನಿಗೆ ಪ್ರತಿ ಕಿಲೋಗೆ 1.2ರಿಂದ 1.6 ಗ್ರಾಂ ಎಂದು ಹಿಡಿದರೆ 72ರಿಂದ 96 ಗ್ರಾಂ ಆಗುವುದು.

ಈಗ ಶಾಕಾಹಾರಿ ಕನ್ನಡಿಗನೊಬ್ಬನ ಒಂದು ದಿನದ ಆಹಾರವನ್ನು ತೂಗಿ ನೋಡಬಹುದು. ಬೆಳಿಗ್ಗೆ ಮೂರು ಇಡ್ಲಿ, ಸಾಂಬಾರು: 9 ಗ್ರಾಂ. ಮಧ್ಯಾಹ್ನ ಡಬ್ಬಿಯ ಎರಡು ಚಪಾತಿ, ಅನ್ನ, ಒಂದು ಬಟ್ಟಲು ಬೇಳೆ, ಪಲ್ಯ, ಮೊಸರು: 21 ಗ್ರಾಂ. ಸಂಜೆ ಚಹಾ, ಅವಲಕ್ಕಿ: 4 ಗ್ರಾಂ. ರಾತ್ರಿ ಅನ್ನ, ಸಾರು, ಪಲ್ಯ, ಮಜ್ಜಿಗೆ: 12 ಗ್ರಾಂ. ಒಟ್ಟು ಸುಮಾರು 46 ಗ್ರಾಂ. ಕಡಮೆಯೆಂದರೂ 26 ಗ್ರಾಂ ಕೊರತೆಯಿದೆ. ಹೀಗೆ ಉಣ್ಣುವವನು ವ್ಯಾಯಾಮವಾದ ಹತ್ತನೆಯ ನಿಮಿಷಕ್ಕೆ ಉಂಡರೂ ನೂರನೆಯ ನಿಮಿಷಕ್ಕೆ ಉಂಡರೂ ಕೊರತೆ ಕೊರತೆಯೇ.

ಈ ಕೊರತೆಯನ್ನು ತುಂಬುವ ಪದಾರ್ಥಗಳು ಬೊರಿವಲಿಯ ಯಾವ ಕಿರಾಣಿ ಅಂಗಡಿಯಲ್ಲಿಯೂ ಸಿಗುವಂಥವು. ಒಂದು ಲೋಟ ಹಾಲಿನಲ್ಲಿ 6 ಗ್ರಾಂ; 30 ಗ್ರಾಂ ಹೆಸರುಕಾಳನ್ನು ಮೊಳಕೆ ಕಟ್ಟಿದರೆ 7 ಗ್ರಾಂ; ಒಂದು ಹಿಡಿ ಹುರಿಗಡಲೆಯಲ್ಲಿ 6 ಗ್ರಾಂ; 15 ಗ್ರಾಂ ಸೋಯಾ ಉಂಡೆಯಲ್ಲಿ 7 ಗ್ರಾಂ. ಕೂಡಿಸಿದರೆ 26 ಗ್ರಾಂ. ಮೀನು ತಿನ್ನುವವರ ಕೆಲಸ ಇನ್ನೂ ಸುಲಭ: 100 ಗ್ರಾಂ ಬಂಗುಡೆ ಮತ್ತು ಒಂದು ಮೊಟ್ಟೆಯಿಂದಲೇ ಸುಮಾರು 25 ಗ್ರಾಂ ದೊರೆಯುವುದು. ಹುರುಳಿ, ಕಡಲೆ, ಅಲಸಂದೆ, ಶೇಂಗಾ ಇವೂ ಉತ್ತಮ. ಅಕ್ಕಿಯಲ್ಲಿ ಕಡಮೆಯಿರುವ ಲೈಸೀನ್ ಎಂಬ ಅಮೈನೋ ಆಮ್ಲ ಬೇಳೆಕಾಳಿನಲ್ಲಿದೆ. ಬೇಳೆಯಲ್ಲಿ ಕಡಮೆಯಿರುವ ಮೆಥಿಯೊನೀನ್ ಅಕ್ಕಿಯಲ್ಲಿದೆ. ಅಕ್ಕಿಗೆ ಉದ್ದನ್ನು ಬೆರೆಸಿ ಇಡ್ಲಿ ಮಾಡಿದ ಹಿರಿಯರ ಪದ್ಧತಿ ಈ ಕಾರಣದಿಂದಲೂ ಮೆಚ್ಚತಕ್ಕದ್ದು.

ಒಟ್ಟು ಪ್ರಮಾಣವನ್ನು ಮೂರು ನಾಲ್ಕು ಹೊತ್ತಿಗೆ ಹಂಚಿಕೊಳ್ಳುವುದು ಒಳ್ಳೆಯದು. ಅರವತ್ತು ಕಿಲೋದವನಿಗೆ ಹೊತ್ತಿಗೆ 18ರಿಂದ 24 ಗ್ರಾಂ ಸಾಕು. ಒಂದು ಹೊತ್ತು ಏರುಪೇರಾದರೂ ಆತಂಕ ಬೇಡ. 2023ರಲ್ಲಿ ಪ್ರಕಟವಾದ ಡಚ್ಚರ ಅಧ್ಯಯನದಲ್ಲಿ, ಒಂದೇ ಸಲಕ್ಕೆ ಕೊಟ್ಟ 100 ಗ್ರಾಂ ಸಸಾರಜನಕವನ್ನು ದೇಹವು ಹನ್ನೆರಡು ಗಂಟೆಗಳಿಗೂ ಹೆಚ್ಚು ಕಾಲ ಉಪಯೋಗಿಸಿಕೊಂಡಿತು. ಉಂಡ ಆಹಾರ ಪೋಲಾಗುವುದಿಲ್ಲ.

ಮಹಾನಗರದ ದಿನಚರಿಗೆ ಒಪ್ಪುವ ಕ್ರಮ

ಮುಂಜಾನೆಯವರು: ಎದ್ದೊಡನೆ ಹಾಲು ಅಥವಾ ಒಂದು ಬಾಳೆಹಣ್ಣು ಮತ್ತು ಹಿಡಿ ಕಡಲೆ. ವ್ಯಾಯಾಮ, ಸ್ನಾನ. ಗಾಡಿ ಹತ್ತುವ ಮುನ್ನ ತಿಂಡಿಗೆ ಹೊತ್ತಿಲ್ಲದಿದ್ದರೆ ಹೆಸರುಬೇಳೆ ದೋಸೆ ಅಥವಾ ಮೊಟ್ಟೆಯನ್ನು ಡಬ್ಬಿಯಲ್ಲಿ ಒಯ್ದು ಕಚೇರಿ ಮುಟ್ಟಿದ ಕೂಡಲೇ ತಿನ್ನಬಹುದು. ಮುನ್ನ ಹಾಲು ಕುಡಿದಿರುವುದರಿಂದ ಈ ವಿಳಂಬದಿಂದ ಬಾಧಕವಿಲ್ಲ.

ರಾತ್ರಿಯವರು: ಕಚೇರಿ ಬಿಡುವ ಮುನ್ನ ಶೇಂಗಾ, ಮೊಳಕೆಕಾಳು ಇಲ್ಲವೇ ಮೊಸರು. ಹಸಿವು ಅಡಗಿದ್ದರೆ ವಡಾಪಾವಿನ ಸೆಳೆತವೂ ಕಡಮೆ. ವ್ಯಾಯಾಮದ ನಂತರ ಅನ್ನ ಅರ್ಧ, ಬೇಳೆ ಅಥವಾ ಮೀನು ಇಮ್ಮಡಿಯಾದ ಹದವಾದ ಊಟ. ಕರಿದ ಪದಾರ್ಥ ಬೇಡ. ಉಂಡು ಸ್ವಲ್ಪ ಹೊತ್ತು ಕಳೆದ ಮೇಲೆಯೇ ಮಲಗುವುದು.

ಹೋಟೆಲು ಕೆಲಸದವರು: ಮಧ್ಯಾಹ್ನದ ಗಿರಾಕಿಗಳು ಕರಗಿದ ಮೇಲೆ ದೊರೆಯುವ ಬಿಡುವಿನಲ್ಲಿ ಮೊದಲು ವ್ಯಾಯಾಮ, ಆಮೇಲೆ ಊಟ ಎಂಬ ಕ್ರಮ ಸರಳ. ತುಂಬು ಊಟದ ಮೇಲೆ ಎರಡು ಮೂರು ಗಂಟೆ ಭಾರ ಎತ್ತಬಾರದು.

ಗೃಹಿಣಿಯರು: ಎಲ್ಲರೂ ಉಂಡು ಉಳಿದ ಅನ್ನ-ಸಾರಿನಲ್ಲಿಯೇ ತೃಪ್ತಿಪಡುವ ರೂಢಿಯನ್ನು ಬಿಡುವುದು ಇವರ ಮೊದಲ ಹೆಜ್ಜೆ. ಬೇಳೆಯ ಗಟ್ಟಿಭಾಗ ಇವರ ತಟ್ಟೆಗೂ ಬರಬೇಕು. ಮಹಿಳೆಯರ ಸ್ನಾಯುವಿಗೂ ಇದೇ ನಿಯಮ. ಭಾರ ಎತ್ತಿದರೆ ಗಂಡಸಿನ ಮೈಕಟ್ಟು ಬರುವುದೆಂಬ ಅಂಜಿಕೆಗೆ ಆಧಾರವಿಲ್ಲ.

ಸಂಕಷ್ಟಿ, ಏಕಾದಶಿಗಳ ಉಪವಾಸದಂದು ಲಘು ವ್ಯಾಯಾಮ ಸಾಕು. ಸಾಬುದಾಣೆ ಬರಿಯ ಪಿಷ್ಟ; ಖಿಚಡಿಯಲ್ಲಿನ ಸಸಾರಜನಕವೆಲ್ಲ ಶೇಂಗಾದ್ದು. ಅಂದು ಹಾಲು, ಮೊಸರು, ಶೇಂಗಾ ಹೆಚ್ಚಿರಲಿ.

ಡಬ್ಬಿಯ ಪುಡಿಯನ್ನು ಕುರಿತು ಎರಡು ಮಾತು. ವೇ ಎಂಬುದು ಹಾಲು ಒಡೆದಾಗ ಉಳಿಯುವ ತಿಳಿನೀರಿನ ಸಸಾರಜನಕ. ಅದು ವಿಷವೂ ಅಲ್ಲ, ಅಮೃತವೂ ಅಲ್ಲ. ಆಹಾರದಿಂದ ಪ್ರಮಾಣ ತುಂಬದವರಿಗೆ ಅದೊಂದು ಅನುಕೂಲ, ತುಂಬಿದವರಿಗೆ ಅನಗತ್ಯ. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಪುಡಿಯನ್ನಾಗಲಿ ಹೆಚ್ಚಿನ ಸಸಾರಜನಕವನ್ನಾಗಲಿ ಸೇವಿಸಕೂಡದು. ರಕ್ತದೊತ್ತಡ, ಹೃದ್ರೋಗಗಳಿರುವವರು ಭಾರ ಎತ್ತುವ ಮುನ್ನವೇ ಸಲಹೆ ಪಡೆಯಬೇಕು.

ಫಲವನ್ನು ಅಳೆಯುವ ಬಗೆ

ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ವಿಧಿಸಿದೆ. ವ್ಯಾಯಾಮಶಾಲೆಗೆ ಹೋಗಲಾಗದವರು ಮನೆಯಲ್ಲಿಯೇ ದಂಡ, ಬಸ್ಕಿ ಹೊಡೆಯಬಹುದು. ನೀರು ತುಂಬಿದ ಡಬ್ಬಿಗಳನ್ನು ಎತ್ತಬಹುದು. ಫಲವನ್ನು ತಕ್ಕಡಿಯಿಂದ ಮಾತ್ರ ನಿರ್ಣಯಿಸಬಾರದು. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಸೊಂಟದ ಸುತ್ತಳತೆಯನ್ನು ಅಳೆದು ಬರೆದಿಡಬೇಕು. ಭಾರತೀಯ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರು ಎಚ್ಚರಿಕೆಯ ಗೆರೆ. ತೂಕ ಹಾಗೆಯೇ ಇದ್ದು ಸುತ್ತಳತೆ ತಗ್ಗಿದರೆ, ಎತ್ತುವ ಭಾರ ಏರಿದರೆ, ಕೊಬ್ಬು ಹೋಗಿ ಸ್ನಾಯು ಬಂದಿದೆಯೆಂದೇ ತಿಳಿಯಬಹುದು. ಇದು ಕಾಣಲು ಎರಡು ಮೂರು ತಿಂಗಳು ಬೇಕು.

ಒಟ್ಟಿನಲ್ಲಿ, ಮಹತ್ವದ ಕ್ರಮ ಹೀಗಿದೆ: ಮೊದಲು ಬಿಡದೆ ನಡೆಸುವ ವ್ಯಾಯಾಮ, ಎರಡನೆಯದು ದಿನದ ಒಟ್ಟು ಆಹಾರ ಮತ್ತು ಅದರಲ್ಲಿನ ಸಸಾರಜನಕ, ಮೂರನೆಯದು ಅದನ್ನು ಹೊತ್ತುಹೊತ್ತಿಗೆ ಹಂಚುವುದು, ಕೊನೆಯದು ವ್ಯಾಯಾಮಕ್ಕೂ ಊಟಕ್ಕೂ ನಡುವಿನ ನಿಮಿಷಗಳ ಎಣಿಕೆ. ಕೊನೆಯದು ಕೂಡಿಬರಲಿಲ್ಲವೆಂದು ಮೊದಲನೆಯದನ್ನು ಬಿಡುವುದು, ತೆನೆ ಬಾಗಿದ ಹೊಲವನ್ನು ಕುಡುಗೋಲಿನ ಹಿಡಿ ಸರಿಯಿಲ್ಲವೆಂದು ಕೊಯ್ಯದೆ ಬಿಟ್ಟಂತೆ. ಗಾಡಿಯ ವೇಳಾಪಟ್ಟಿಯನ್ನು ಬದಲಿಸುವುದು ಯಾರ ಕೈಯಲ್ಲಿಯೂ ಇಲ್ಲ. ಡಬ್ಬಿಯಲ್ಲಿ ಏನಿರಬೇಕೆಂಬುದು ಅವರವರ ಕೈಯಲ್ಲಿದೆ.